ಇಲ್ಲದ ಟ್ರಂಕು

ಕೆಲವು ವರ್ಷಗಳ ಹಿಂದೆ ನಾನೊಂದು ನಾಟಕ ಬರೆದೆ. ಅಪ್ಪ ತೀರಿಕೊಂಡ ಮೇಲೆ ಅಣ್ಣ ತಮ್ಮ ಇಬ್ಬರೂ ಮನೆ ಪಾಲಿಗೆ ಕೂರುತ್ತಾರೆ. ಪಾತ್ರೆ, ಮಂಚ, ಗೋಡೆ ಗಡಿಯಾರ ಎಲ್ಲ ಹಂಚಿ ಆಗುತ್ತದೆ. ಕೊನೆಗೆ ಅಪ್ಪನ ಟ್ರಂಕೊಂದು ಉಳಿಯುತ್ತದೆ. ಬೀಗ ಹಾಕಿದೆ, ಕೀಲಿ ಇಲ್ಲ. ಒಡೆಯೋಣ ಅಂತ ತಮ್ಮ, ಬೇಡ ಅಂತ ಅಣ್ಣ. ಅಷ್ಟೇ ನಾಟಕ. 50 ನಿಮಿಷ.

ನಮ್ಮದು ಹವ್ಯಾಸಿ ತಂಡ. ಆಫೀಸು ಮುಗಿಸಿಕೊಂಡು ಬಂದು ತಾಲೀಮು ಮಾಡುವವರು. ರಂಗಸಜ್ಜಿಕೆಗೆ ದುಡ್ಡಿರಲಿಲ್ಲ ಅಂತ ಟ್ರಂಕನ್ನು ಇಡಲೇ ಇಲ್ಲ. ನಟರಿಬ್ಬರೂ ಅದು ಅಲ್ಲೇ ಇದೆ ಅನ್ನುವ ಹಾಗೆ ಸುತ್ತಿ ಬಳಸಿ ಓಡಾಡುತ್ತಿದ್ದರು. ಒಂದು ಕಡೆ ಅಣ್ಣನ ಪಾತ್ರದವನು ಅದರ ಮೇಲೆ ಕೂರಲು ಹೋಗಿ, ಕೂರದೆ ಎದ್ದುಬಿಡುತ್ತಿದ್ದ. ಆಗ ಸಭೆಯಲ್ಲಿ ಕೆಮ್ಮು ಕೂಡ ನಿಲ್ಲುತ್ತಿತ್ತು. ಒಂದು ಶೋ ಮುಗಿದ ಮೇಲೆ ವಯಸ್ಸಾದ ಹೆಂಗಸೊಬ್ಬರು ಗ್ರೀನ್ ರೂಮಿಗೆ ಬಂದು, "ಆ ಹಸಿರು ಟ್ರಂಕು ನಮ್ಮನೇಲೂ ಇತ್ತು ಕಣಪ್ಪ" ಅಂದರು. ಹಸಿರು ಅಂತ ನಾನು ಎಲ್ಲೂ ಬರೆದಿರಲಿಲ್ಲ.

ಇಷ್ಟು ಚೆನ್ನಾಗಿ ಹೋಗ್ತಿದೆಯಲ್ಲ, ಇದನ್ನೇ ಕಿರುಚಿತ್ರ ಮಾಡಿಬಿಡೋಣ ಅನ್ನಿಸಿತು. ಬರೆದವನು ನಾನೇ, ನಿರ್ದೇಶಕನೂ ನಾನೇ. ಗುಜರಿಯಿಂದ ಒಂದು ಟ್ರಂಕು ತಂದೆ. ಆ ಅಮ್ಮನ ಮಾತು ನೆನಪಿಟ್ಟುಕೊಂಡು ಹಸಿರು ಬಣ್ಣ ಹೊಡೆಸಿದೆ. ಪರಿಚಯದವರ ಹಳೇ ಮನೆಯಲ್ಲಿ ಮೂರು ದಿನ ಶೂಟಿಂಗ್. ನಟರು ಅವರೇ, ಮಾತೂ ಅದೇ. ಎಡಿಟಿಂಗಿಗೆ ಕೂತಾಗ ಗೊತ್ತಾಯಿತು, ನಾಟಕದಲ್ಲಿದ್ದ ಜೀವ ಇದರಲ್ಲಿ ಇಲ್ಲ. ಎಡಿಟ್ ಮಾಡುತ್ತಿದ್ದ ಹುಡುಗ ಮದುವೆ ವಿಡಿಯೊಗಳಲ್ಲಿ ಪಳಗಿದವನು. ನಾಟಕ ಗೀಟಕ ನೋಡಿದವನಲ್ಲ. ಅರ್ಧ ಗಂಟೆ ಸುಮ್ಮನೆ ನೋಡಿ, ಮೆಲ್ಲಗೆ ಕೇಳಿದ: "ಸರ್, ಇವ್ರು ಯಾಕೆ ಇಷ್ಟೊಂದು ಮಾತಾಡ್ತಾರೆ? ಟ್ರಂಕು ಕಾಣ್ತಾ ಇದೆಯಲ್ಲ."

ಅವತ್ತು ಕೋಪ ಬಂತು. ಆದರೆ ಅದಾದ ಮೇಲೆ ಗಿರೀಶ ಕಾರ್ನಾಡರ ಬಗ್ಗೆ ಏನೇ ಓದಿದರೂ, ಅವರ ಯಾವ ಸಿನಿಮಾ ನೋಡಿದರೂ ನನಗೆ ಒಂದೇ ಪ್ರಶ್ನೆ ಎದುರಾಗತೊಡಗಿತು. ನಾಟಕ ಬರೆದವರು, ಚಿತ್ರಕತೆ ಬರೆದವರು, ನಿರ್ದೇಶನ ಮಾಡಿದವರು, ಮೇಲಿಂದ ನಟ ಬೇರೆ. ಇಷ್ಟೆಲ್ಲ ಕೈಯಲ್ಲಿದ್ದ ಮನುಷ್ಯ ತನ್ನ ನಾಟಕವನ್ನು ತಾನೇ ಯಾಕೆ ಸಿನಿಮಾ ಮಾಡಲಿಲ್ಲ?

ಅವರು ನಿರ್ದೇಶಿಸಿದ ಚಿತ್ರಗಳ ಲೆಕ್ಕ ಹಾಕಿ ನೋಡಿ. ‘ವಂಶವೃಕ್ಷ’ ಎಸ್.ಎಲ್. ಭೈರಪ್ಪನವರ ಕಾದಂಬರಿ. ‘ತಬ್ಬಲಿಯು ನೀನಾದೆ ಮಗನೆ’ ಕೂಡ ಅವರದೇ. (ಮುಂದೆ ಟಿಪ್ಪುವಿನ ವಿಷಯಕ್ಕೆ ಇಬ್ಬರೂ ಪತ್ರಿಕೆಯಲ್ಲಿ ಜೋರಾಗಿ ಜಗಳವಾಡಿದರು, ಅದು ಬೇರೆ ಕತೆ.) ‘ಕಾಡು’ ಶ್ರೀಕೃಷ್ಣ ಆಲನಹಳ್ಳಿಯವರದು. ‘ಕಾನೂರು ಹೆಗ್ಗಡಿತಿ’ ಕುವೆಂಪು ಅವರದು. ಹಿಂದಿಯ ‘ಉತ್ಸವ್’ ಶೂದ್ರಕನ ಸಂಸ್ಕೃತ ನಾಟಕ ‘ಮೃಚ್ಛಕಟಿಕ’ದಿಂದ ಬಂತು. ‘ಒಂದಾನೊಂದು ಕಾಲದಲ್ಲಿ’ ಸಿನಿಮಾಕ್ಕೆ ಅಂತಲೇ ಹುಟ್ಟಿದ ಕತೆ. ಇನ್ನು ಅವರದೇ ನಾಟಕಗಳು? ‘ತುಘಲಕ್’? ‘ಹಯವದನ’? ‘ತಲೆದಂಡ’? ಅವುಗಳತ್ತ ಅವರ ಕ್ಯಾಮೆರಾ ತಿರುಗಲೇ ಇಲ್ಲ. ‘ನಾಗಮಂಡಲ’ ಸಿನಿಮಾ ಆಯಿತು, ಆದರೆ ಮಾಡಿದವರು ಟಿ.ಎಸ್. ನಾಗಾಭರಣ, 1997ರಲ್ಲಿ. ‘ಅಗ್ನಿ ಮತ್ತು ಮಳೆ’ ಹಿಂದಿಗೆ ಹೋಯಿತು, ಅದೂ ಬೇರೆಯವರ ಕೈಯಲ್ಲಿ.

ಇದಕ್ಕೆ ಸುಲಭದ ಉತ್ತರವೊಂದಿದೆ. ಎಪ್ಪತ್ತರ ದಶಕದಲ್ಲಿ ಕನ್ನಡದ ಹೊಸ ಅಲೆಯ ಸಿನಿಮಾ ನಿಂತಿದ್ದೇ ಕಾದಂಬರಿಗಳ ಮೇಲೆ. ಎಲ್ಲರೂ ಅದನ್ನೇ ಮಾಡುತ್ತಿದ್ದರು, ಇವರೂ ಮಾಡಿದರು. ನಿಜ ಇರಬಹುದು. ಆದರೆ ಆ ಉತ್ತರ ನನಗೆ ಸಾಲದು. ಕಾರ್ನಾಡರಿಗೆ ನಾಟಕ ಎಲ್ಲಿ ಮುಗಿಯುತ್ತದೆ, ಸಿನಿಮಾ ಎಲ್ಲಿ ಶುರುವಾಗುತ್ತದೆ ಅನ್ನುವ ಗೆರೆ ಚೆನ್ನಾಗಿ ಗೊತ್ತಿತ್ತು ಅಂತ ನನ್ನ ನಂಬಿಕೆ. ಆ ಗೆರೆ ಗೊತ್ತಿಲ್ಲದೆ ನಾನು ಟ್ರಂಕು ತಂದಿದ್ದೆ.

ಮೊದಲಿನಿಂದ ನೋಡೋಣ. ಹುಟ್ಟಿದ್ದು 1938ರಲ್ಲಿ, ಮಾಥೇರಾನಿನಲ್ಲಿ. ಬೆಳೆದದ್ದು ಶಿರಸಿ, ಆಮೇಲೆ ಧಾರವಾಡ. ಶಿರಸಿಯಲ್ಲಿದ್ದಾಗ ಕಂಪನಿ ನಾಟಕ, ಯಕ್ಷಗಾನ ಎರಡನ್ನೂ ನೋಡಿದರು. ಕರ್ನಾಟಕ ಕಾಲೇಜಿನಲ್ಲಿ ಓದಿದ್ದು ಗಣಿತ. ರೋಡ್ಸ್ ಸ್ಕಾಲರ್‌ಶಿಪ್ ಸಿಕ್ಕಿ ಆಕ್ಸ್‌ಫರ್ಡಿಗೆ ಹೊರಟಾಗ ಇದ್ದ ಕನಸು ಇಂಗ್ಲಿಷಿನಲ್ಲಿ ಕವಿಯಾಗಬೇಕು ಅಂತ. ಹೊರಡುವ ಹೊತ್ತಿಗೆ ಬಂದದ್ದು ಕನ್ನಡ ನಾಟಕ. ಅದೇ ‘ಯಯಾತಿ’. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು ಅಚ್ಚು ಹಾಕಿತು. ವಾಪಸು ಬಂದು ಮದ್ರಾಸಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ಕೆಲಸಕ್ಕೆ ಸೇರಿದರು. 1970ರಲ್ಲಿ ಅದನ್ನೂ ಬಿಟ್ಟರು. ಒಳ್ಳೇ ಕೆಲಸ ಬಿಟ್ಟು ಬರೆಯುತ್ತೇನೆ ಅಂತ ಹೊರಡುವುದಕ್ಕೆ ಎಷ್ಟು ಧೈರ್ಯ ಬೇಕು ಅಂತ ಇಎಂಐ ಕಟ್ಟುವ ನನ್ನಂಥವರಿಗೆ ಗೊತ್ತು.

ಅಷ್ಟರಲ್ಲಿ, 1964ರಲ್ಲಿ, ‘ತುಘಲಕ್’ ಬಂದಾಗಿತ್ತು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಯಾಕೆಂದರೆ ಆ ನಾಟಕದ ಹೊಟ್ಟೆಯಲ್ಲಿ ಒಂದು ಪರದೆ ಇದೆ.

ಕಂಪನಿ ನಾಟಕ ನೋಡಿದವರಿಗೆ ನೆನಪಿರಬಹುದು. ದರ್ಬಾರ್ ಸೀನು ಮುಗಿಯುತ್ತದೆ. ಮುಂದಿನದು ಅರಮನೆಯ ಇನ್ನೊಂದು ಭಾಗ. ಸಿಂಹಾಸನ ಎತ್ತಬೇಕು, ಕಂಬ ಸರಿಸಬೇಕು. ಅದಕ್ಕೆ ಹೊತ್ತು ಬೇಕಲ್ಲ, ಮುಂದೆ ಒಂದು ರಸ್ತೆ ಪರದೆ ಇಳಿಸುತ್ತಾರೆ. ಪರದೆಯ ಮುಂದಿನ ಇಕ್ಕಟ್ಟು ಜಾಗದಲ್ಲಿ ಹಾಸ್ಯದ ಪಾತ್ರಗಳು ಬಂದು ನಗಿಸುತ್ತವೆ. ಹಿಂದುಗಡೆ ಆಳುಗಳು ಸಾಮಾನು ಹೊರುತ್ತಾರೆ. ರಾಜರಿಗೆ ಆಳವಾದ ರಂಗ, ಬಡವರಿಗೆ ಪರದೆ ಮುಂದಿನ ನಾಲ್ಕು ಅಡಿ. ‘ತುಘಲಕ್’ ಬರೆಯುವಾಗ ತನ್ನ ಬೆನ್ನ ಹಿಂದೆ ಇದ್ದದ್ದು ಈ ಕಟ್ಟು ಅಂತ ಕಾರ್ನಾಡರೇ ಬರೆದುಕೊಂಡಿದ್ದಾರೆ. ಸುಲ್ತಾನನ ದೃಶ್ಯಗಳು ಹೆಚ್ಚಾಗಿ ಒಳಗೆ, ಅರಮನೆಯಲ್ಲಿ. ಅಜೀಜ್ ಮತ್ತು ಅಜಮ್ ಅನ್ನುವ ಕಳ್ಳರ ಆಟ ಹೆಚ್ಚಾಗಿ ಹೊರಗೆ, ರಸ್ತೆಯಲ್ಲಿ. ಆದರೆ ನಾಟಕ ಮುಂದುವರಿದ ಹಾಗೆ ರಸ್ತೆಯ ಸೀನುಗಳಿಗೆ ತೂಕ ಬರುತ್ತದೆ. ನಗು ಕಮ್ಮಿಯಾಗುತ್ತದೆ. ಕೊನೆಗೆ ಕಳ್ಳ ಅಜೀಜ್ ನೇರವಾಗಿ ಸುಲ್ತಾನನ ಕೋಣೆಗೇ ಬಂದು ಎದುರು ನಿಲ್ಲುತ್ತಾನೆ. ರಸ್ತೆ ಪರದೆಯವನು ದರ್ಬಾರಿಗೆ ನುಗ್ಗಿದ ಹಾಗೆ.

ಸಾಮಾನು ಹೊರುವ ಆಳುಗಳಿಗೆ ಐದು ನಿಮಿಷ ಬೇಕಾಗಿತ್ತು ಅನ್ನುವ ಒಂದು ಅನಾನುಕೂಲದಿಂದ ಈ ರಾಜಕೀಯ ಅರ್ಥ ಹುಟ್ಟಿದೆ. ಸಿನಿಮಾದಲ್ಲಿ ಆ ಅನಾನುಕೂಲವೇ ಇಲ್ಲ. ಅರಮನೆ, ಕಟ್, ರಸ್ತೆ. ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು. ಕಳ್ಳ ಅರಮನೆಗೆ ಬಂದರೆ ಅದು ಇನ್ನೊಂದು ಶಾಟ್ ಅಷ್ಟೇ, ಯಾವ ಪರದೆಯನ್ನೂ ಹರಿದು ಬಂದ ಹಾಗೆ ಅನ್ನಿಸುವುದಿಲ್ಲ. ರಂಗನಿರ್ದೇಶಕ ಇಬ್ರಾಹಿಂ ಅಲ್ಕಾಜಿ ದೆಹಲಿಯ ಪುರಾನಾ ಕಿಲಾದ ಕಲ್ಲುಗಳ ನಡುವೆ ಈ ನಾಟಕ ಆಡಿಸಿದರು. ಅದರ ಫೋಟೊಗಳನ್ನು ನೋಡಿದವರಿಗೆಲ್ಲ ಸಿನಿಮಾ ನೆನಪಾಗುತ್ತದೆ. ಆದರೂ ಕಾರ್ನಾಡರು ಆ ಕಡೆ ಹೋಗಲಿಲ್ಲ.

ಸಿನಿಮಾಕ್ಕೆ ಅವರು ಕಾಲಿಟ್ಟದ್ದು ‘ಸಂಸ್ಕಾರ’ದಿಂದ, 1970ರಲ್ಲಿ. ಯು.ಆರ್. ಅನಂತಮೂರ್ತಿಯವರ ಕಾದಂಬರಿ, ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನ, ಆಸ್ಟ್ರೇಲಿಯಾದ ಟಾಮ್ ಕೋವನ್ ಅವರ ಕ್ಯಾಮೆರಾ. ಚಿತ್ರಕತೆ ಕಾರ್ನಾಡರದು, ಪ್ರಾಣೇಶಾಚಾರ್ಯನ ಪಾತ್ರವೂ ಅವರದೇ. ಸೆನ್ಸಾರ್ ಮೊದಲು ತಡೆಯಿತು, ಆಮೇಲೆ ಬಿಡುಗಡೆಯಾಗಿ ಸ್ವರ್ಣ ಕಮಲ, ಅಂದರೆ ದೇಶದ ಅತ್ಯುತ್ತಮ ಚಿತ್ರದ ಪ್ರಶಸ್ತಿ ಬಂತು. ಕನ್ನಡಕ್ಕೆ ಅದೇ ಮೊದಲ ಸ್ವರ್ಣ ಕಮಲ. ಇದೆಲ್ಲ ಎಲ್ಲರಿಗೂ ಗೊತ್ತಿರುವುದೇ. ನನಗೆ ಕುತೂಹಲ ಇರುವುದು ಬೇರೆ ಕಡೆ. ಪ್ರಾಣೇಶಾಚಾರ್ಯ ಅಂದರೆ ಯಾರು? ಮಾತಿನಿಂದಲೇ ಬದುಕಿದವನು. ಶಾಸ್ತ್ರ, ವ್ಯಾಖ್ಯಾನ, ವಾದ. ಅಗ್ರಹಾರದಲ್ಲಿ ಹೆಣ ಬಿದ್ದಿದೆ, ಅದಕ್ಕೆ ಸಂಸ್ಕಾರ ಮಾಡುವವರು ಯಾರು? ಎಷ್ಟು ಗ್ರಂಥ ಮಗುಚಿದರೂ ಉತ್ತರ ಇಲ್ಲ. ಮಾತು ಕೈಕೊಟ್ಟ ಪಂಡಿತ ಕಾಡಿನ ಹಾದಿಯಲ್ಲಿ ನಡೆಯುತ್ತಾನೆ, ಸುಮ್ಮನೆ ನಡೆಯುತ್ತಾನೆ. ನಾಟಕಕಾರನೊಬ್ಬ ಸಿನಿಮಾಕ್ಕೆ ಬಂದು ಮಾಡಿದ ಮೊದಲ ಕೆಲಸ ಇದು: ಮಾತು ಸೋತವನ ಪಾತ್ರ. ಅವರು ಬೇಕು ಅಂತ ಆರಿಸಿಕೊಂಡರು ಅಂತ ನಾನು ಹೇಳುತ್ತಿಲ್ಲ. ಆದರೆ ಪಾಠ ಅಲ್ಲೇ ಶುರುವಾಗಿರಬೇಕು.

ಮುಂದಿನ ವರ್ಷ ರಂಗನಿರ್ದೇಶಕ ಬಿ.ವಿ. ಕಾರಂತರ ಜೊತೆ ‘ವಂಶವೃಕ್ಷ’. ಇಬ್ಬರಿಗೂ ಸೇರಿ ನಿರ್ದೇಶನಕ್ಕೆ ರಾಷ್ಟ್ರಪ್ರಶಸ್ತಿ. ಮುಂದೆ ವಿಷ್ಣುವರ್ಧನ್ ಆದ ಹುಡುಗ ಅದರಲ್ಲೊಂದು ಪಾತ್ರ ಮಾಡಿದ್ದ. ಒಳ್ಳೆಯ ಸಿನಿಮಾ. ಆದರೆ ನನಗೆ ಅದರಲ್ಲಿ ಇನ್ನೂ ಕಾದಂಬರಿ ಓದುವ ಸದ್ದು ಕೇಳಿಸುತ್ತದೆ.

‘ಕಾಡು’ ಹಾಗಲ್ಲ. 1973ರ ಚಿತ್ರ, ಗೋವಿಂದ ನಿಹಲಾನಿಯವರ ಕ್ಯಾಮೆರಾ. ಎರಡು ಊರುಗಳ ದ್ವೇಷ, ಬೇರೆ ಊರಿನವಳ ಹಿಂದೆ ಬಿದ್ದ ಗೌಡ, ಮನೆಯಲ್ಲಿ ಒಳಗೊಳಗೇ ಬೇಯುವ ಹೆಂಡತಿ. ಗೌಡನಾಗಿ ಅಮರೀಶ್ ಪುರಿ. ಹೆಂಡತಿಯ ಪಾತ್ರ ಮಾಡಿದ ನಂದಿನಿ ಭಕ್ತವತ್ಸಲ ಅವರಿಗೆ ಅತ್ಯುತ್ತಮ ನಟಿಯ ರಾಷ್ಟ್ರಪ್ರಶಸ್ತಿ. ಇಷ್ಟನ್ನೂ ನಾವು ನೋಡುವುದು ಕಿಟ್ಟಿ ಅನ್ನುವ ಪುಟ್ಟ ಹುಡುಗನ ಕಣ್ಣಿನಿಂದ. ಆ ಹುಡುಗನಿಗೆ ದೊಡ್ಡವರ ಮಾತು ಅರ್ಧಂಬರ್ಧ ಅರ್ಥವಾಗುತ್ತದೆ. ಹಾಗಾಗಿ ಸಿನಿಮಾ ಕೂಡ ಮಾತನ್ನು ಅರ್ಧಂಬರ್ಧವೇ ಕೇಳಿಸಿಕೊಳ್ಳುತ್ತದೆ. ಬಾಗಿಲ ಸಂದಿ, ರಾತ್ರಿಯ ದೀಪ, ಕಾಡಿನೊಳಗಿನ ಹಕ್ಕಿಯ ಕೂಗು. ಇದನ್ನು ರಂಗದ ಮೇಲೆ ತಂದರೆ ಕಿಟ್ಟಿಯ ಬಾಯಲ್ಲಿ ಸ್ವಗತ ಹಾಕಬೇಕಾಗುತ್ತದೆ. ಆಮೇಲೆ ಅವನು ಹುಡುಗನಾಗಿ ಉಳಿಯುವುದಿಲ್ಲ, ಬುದ್ಧಿವಂತನಾಗಿಬಿಡುತ್ತಾನೆ.

ನಾನು ಇದನ್ನು ಎರಡನೇ ಸಲ ನೋಡಿದ್ದು ಕಿರುಚಿತ್ರ ಕೆಟ್ಟ ಮೇಲೆ. ಎಡಿಟಿಂಗ್ ಹುಡುಗನ ಮಾತು ಆಗ ಅರ್ಥವಾಯಿತು.

ಈಗ ‘ಹಯವದನ’ದ ವಿಷಯ. ದೇವದತ್ತ, ಕಪಿಲ ಇಬ್ಬರೂ ಕಾಳಿಯ ಗುಡಿಯಲ್ಲಿ ತಲೆ ಕತ್ತರಿಸಿಕೊಳ್ಳುತ್ತಾರೆ. ಪದ್ಮಿನಿ ಅವಸರದಲ್ಲಿ ಇವನ ತಲೆ ಅವನಿಗೆ, ಅವನ ತಲೆ ಇವನಿಗೆ ಇಡುತ್ತಾಳೆ. ರಂಗದ ಮೇಲೆ ಇದು ಎಷ್ಟು ಸುಲಭ ಗೊತ್ತಾ? ಇಬ್ಬರೂ ಮುಖವಾಡ ಅದಲು ಬದಲು ಮಾಡಿಕೊಂಡರೆ ಮುಗಿಯಿತು. ಸಭೆ ನಗುತ್ತದೆ. ನಗುತ್ತಲೇ ಒಪ್ಪಿಕೊಳ್ಳುತ್ತದೆ. ಒಪ್ಪಿಕೊಂಡದ್ದರಿಂದಲೇ ಮುಂದೆ ತಲೆ ದೊಡ್ಡದೋ ಮೈ ದೊಡ್ಡದೋ ಅನ್ನುವ ಪ್ರಶ್ನೆ ಚುಚ್ಚುತ್ತದೆ. ಕ್ಯಾಮೆರಾ ಮುಂದೆ ಇದನ್ನೇ ಮಾಡಿ. ಗ್ರಾಫಿಕ್ಸ್ ಬೇಕು, ಕುತ್ತಿಗೆಯ ಗೆರೆ ಕಾಣಬಾರದು, ಮೈಬಣ್ಣ ಹೊಂದಬೇಕು. ನೋಡುವವನು "ಹೆಂಗೆ ಮಾಡಿದ್ರೋ" ಅಂತಾನೆ. ಅಲ್ಲಿಗೆ ಪ್ರಶ್ನೆ ಹೋಯಿತು. ನನ್ನ ಟ್ರಂಕಿಗೆ ಆದದ್ದೂ ಇದೇ ಗತಿ.

ಆದರೆ ಕಾರ್ನಾಡರು ಈ ಗೆರೆಯನ್ನು ಎಷ್ಟು ನಾಜೂಕಾಗಿ ನೋಡುತ್ತಿದ್ದರು ಅನ್ನುವುದಕ್ಕೆ ನನಗೆ ಸಿಕ್ಕಿದ ಒಳ್ಳೆಯ ಸಾಕ್ಷಿ ಬೇರೆ. ಅದು ಕವಿ, ಜನಪದ ವಿದ್ವಾಂಸ ಎ.ಕೆ. ರಾಮಾನುಜನ್ ಅವರಿಂದ ಬಂದ ಎರಡು ಜನಪದ ಕತೆಗಳು. ಒಂದರಲ್ಲಿ ಹಾವು ರಾತ್ರಿ ಗಂಡನ ರೂಪದಲ್ಲಿ ಬರುತ್ತದೆ. ಇನ್ನೊಂದರಲ್ಲಿ ಹುಡುಗಿಯೊಬ್ಬಳು ಹೂ ಬಿಡುವ ಮರವಾಗುತ್ತಾಳೆ. ಎರಡೂ ಕನ್ನಡದ ಹೆಂಗಸರು ಹೇಳಿಕೊಂಡು ಬಂದ ಕತೆಗಳು, ಎರಡೂ ಬಂದದ್ದು ಒಬ್ಬರೇ ಗೆಳೆಯರಿಂದ, ಎರಡರಲ್ಲೂ ರೂಪ ಬದಲಾಗುವ ಪವಾಡ ಇದೆ. ಮೊದಲನೆಯದು 1988ರಲ್ಲಿ ‘ನಾಗಮಂಡಲ’ ನಾಟಕವಾಯಿತು. ಎರಡನೆಯದು 1992ರಲ್ಲಿ ‘ಚೆಲುವಿ’ ಸಿನಿಮಾ ಆಯಿತು.

ತಿರುವುಮುರುವು ಯಾಕೆ ಆಗಲಿಲ್ಲ?

ಹಾವಿನ ಕತೆಯಲ್ಲಿ ಪವಾಡ ನಡೆಯುವುದು ಅನುಮಾನದಲ್ಲಿ. ಹಗಲು ಬರುವ ಗಂಡ ಗದರುತ್ತಾನೆ, ರಾತ್ರಿ ಬರುವವನು ಮುದ್ದು ಮಾಡುತ್ತಾನೆ. ಹೆಂಡತಿ ರಾಣಿಗೆ ಇದು ಗೊತ್ತಿದೆಯೋ ಇಲ್ಲವೋ? ಒಬ್ಬನೇ ನಟ ಎರಡನ್ನೂ ಆಡಿದರೆ ಸಾಕು, ಹಾವನ್ನು ತೋರಿಸಬೇಕಾಗಿಲ್ಲ. ಜೊತೆಗೆ ಅದು ಕತೆ ಹೇಳುವುದರ ಬಗ್ಗೆಯೇ ಇರುವ ನಾಟಕ. ಮೊದಲಿಗೆ ಊರ ಮನೆಗಳ ದೀಪದ ಜ್ವಾಲೆಗಳು ಗುಡಿಯಲ್ಲಿ ಸೇರಿ ಹರಟೆ ಹೊಡೆಯುತ್ತವೆ, ಕತೆಯೇ ಹೆಣ್ಣಾಗಿ ಬಂದು ಕೂರುತ್ತದೆ. ಹೇಳುವುದು, ಕೇಳುವುದು, ನಂಬುವುದು: ಎಲ್ಲ ಮಾತಿನ ವ್ಯವಹಾರ.

ಚೆಲುವಿಯ ಕತೆಯಲ್ಲಿ ಅನುಮಾನಕ್ಕೆ ಜಾಗವಿಲ್ಲ. ಅವಳು ಮರವಾಗುತ್ತಾಳೆ, ನಿಜವಾಗಿ ಆಗುತ್ತಾಳೆ. ಹೂ ಕೊಯ್ಯುವಾಗ ಎಳೆ ಚಿಗುರು ಮುರಿಯಬಾರದು. ಮುರಿದರೆ ಮತ್ತೆ ಮನುಷ್ಯಳಾದಾಗ ಅವಳ ಮೈ ಊನವಾಗಿರುತ್ತದೆ. ಇಲ್ಲಿ ಯಾರೂ ವಾದ ಮಾಡುವುದಕ್ಕಿಲ್ಲ. ಒಂದು ಕೊಂಬೆ ಮುರಿಯುವ ಸದ್ದು ಕೇಳಿಸಿದರೆ ಎದೆ ಝಲ್ಲೆನ್ನಬೇಕು. ಅದಕ್ಕೆ ನಿಜವಾದ ಮರ ಬೇಕು, ಗಾಳಿ ಬೇಕು. ಆ ಪಾತ್ರ ಮಾಡಿದ್ದು ಸೋನಾಲಿ ಕುಲಕರ್ಣಿ, ಅದು ಅವರ ಮೊದಲ ಸಿನಿಮಾ.

ಒಂದೇ ಜೋಳಿಗೆಯಿಂದ ಬಂದ ಎರಡು ಕತೆ. ಯಾವುದಕ್ಕೆ ರಂಗ, ಯಾವುದಕ್ಕೆ ಕ್ಯಾಮೆರಾ ಅಂತ ಕಾರ್ನಾಡರು ವಿಂಗಡಿಸಿದ ರೀತಿ ನೋಡಿದರೆ ನನಗೆ ಅಸೂಯೆ ಆಗುತ್ತದೆ.

ಎಲ್ಲವೂ ಕೈಹಿಡಿಯಿತು ಅಂತ ಅಲ್ಲ. ‘ಒಂದಾನೊಂದು ಕಾಲದಲ್ಲಿ’ (1978) ನನಗೆ ತುಂಬ ಇಷ್ಟ. ಶಂಕರ್ ನಾಗ್ ತೆರೆಗೆ ಬಂದದ್ದೇ ಅದರಿಂದ. ಜಪಾನಿನ ನಿರ್ದೇಶಕ ಕುರೊಸಾವಾ ಚಿತ್ರಗಳ ನೆರಳು ಅದರಲ್ಲಿ ಎದ್ದು ಕಾಣುತ್ತದೆ, ಮುಚ್ಚಿಡುವ ಪ್ರಯತ್ನವೂ ಇಲ್ಲ. ಆದರೆ 1984ರ ‘ಉತ್ಸವ್’ ಬಗ್ಗೆ ನನಗೆ ಎರಡು ಮನಸ್ಸು. ಶಶಿ ಕಪೂರ್ ದುಡ್ಡು ಹಾಕಿದರು, ಕೈ ಸುಟ್ಟುಕೊಂಡರು. ಅದರಲ್ಲಿ ‘ಕಾಮಸೂತ್ರ’ ಬರೆದ ವಾತ್ಸ್ಯಾಯನನೇ ಒಂದು ಪಾತ್ರವಾಗಿ ಸೂತ್ರಧಾರನ ಹಾಗೆ ಓಡಾಡುತ್ತಾನೆ. ನಾಟಕದ ಉಪಾಯವೊಂದನ್ನು ಸಿನಿಮಾದೊಳಗೆ ತಂದದ್ದು ಅದು. ರಂಗದ ಮೇಲೆ ಸೂತ್ರಧಾರ ನಮ್ಮವನು, ನಮ್ಮ ಕಡೆ ತಿರುಗಿ ಮಾತಾಡುತ್ತಾನೆ. ತೆರೆಯ ಮೇಲೆ ಅವನೂ ಇನ್ನೊಂದು ವೇಷ ಆಗಿಬಿಡುತ್ತಾನೆ. ನೋಡಲು ಬಲು ಚೆಂದ, ಆದರೆ ಮಧ್ಯೆ ಮಧ್ಯೆ ನನಗೆ ಕ್ಯಾಲೆಂಡರ್ ತಿರುವಿದ ಹಾಗಾಗುತ್ತದೆ. ನಾಟಕ ಮುಟ್ಟಿದಾಗಲೂ ಬೇರೆಯವರದನ್ನು ಮುಟ್ಟಿದರಲ್ಲ, ಅದೊಂದು ಸಮಾಧಾನ.

ಇಸವಿಗಳನ್ನು ಸಾಲಾಗಿ ಇಟ್ಟರೆ ಇನ್ನೊಂದು ವಿಷಯ ಕಾಣುತ್ತದೆ. 1971ರ ‘ಹಯವದನ’ದಿಂದ 1988ರ ‘ನಾಗಮಂಡಲ’ದವರೆಗೆ 17 ವರ್ಷ. ನಡುವೆ ‘ಅಂಜುಮಲ್ಲಿಗೆ’, ‘ಹಿಟ್ಟಿನ ಹುಂಜ’ ಬಂದವು, ಆದರೆ ಆ ಎರಡರ ಹೆಸರು ಅಷ್ಟಾಗಿ ನಿಲ್ಲಲಿಲ್ಲ. ಆ ವರ್ಷಗಳೆಲ್ಲ ಸಿನಿಮಾದ ವರ್ಷಗಳು. ನಿರ್ದೇಶನ, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕ ಹುದ್ದೆ, ಶ್ಯಾಮ್ ಬೆನೆಗಲ್ ಚಿತ್ರಗಳಿಗೆ ಬರವಣಿಗೆ, ‘ಮಾಲ್ಗುಡಿ ಡೇಸ್’ನಲ್ಲಿ ಸ್ವಾಮಿಯ ಅಪ್ಪ. ಸಿನಿಮಾ ಅವರ ನಾಟಕದ ಹೊತ್ತನ್ನು ತಿಂದಿತು ಅನ್ನುವವರಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಈಗ ಅಷ್ಟು ಖಾತ್ರಿಯಿಲ್ಲ. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಕೂತು ‘ನಾಗಮಂಡಲ’ ಬರೆದ ಕಾರ್ನಾಡರು, ಏನನ್ನು ತೋರಿಸಬಾರದು ಅಂತ ಚೆನ್ನಾಗಿ ಕಲಿತುಬಂದವರ ಹಾಗೆ ಬರೆದಿದ್ದಾರೆ. ತೋರಿಸುವುದನ್ನೇ ಕಸುಬು ಮಾಡಿಕೊಂಡ ಅಷ್ಟು ವರ್ಷ ಅದನ್ನು ಕಲಿಸಿರಲೂಬಹುದು.

ಇನ್ನೊಂದು ನಾಟಕ ಹೇಳದೆ ಇರಲಾರೆ. ‘ಒಡಕಲು ಬಿಂಬ’, ಬೆಂಗಳೂರಿನ ರಂಗಶಂಕರದಲ್ಲಿ. ತನ್ನ ನಾಟಕಗಳನ್ನು ಯಾವಾಗಲೂ ಕಾರಂತರಂಥವರಿಗೆ, ಅಲ್ಕಾಜಿಯಂಥವರಿಗೆ ಬಿಟ್ಟುಕೊಡುತ್ತಿದ್ದ ಮನುಷ್ಯ ಇದನ್ನು ಕೆ.ಎಂ. ಚೈತನ್ಯ ಜೊತೆ ಸೇರಿ ತಾನೇ ನಿರ್ದೇಶಿಸಿದರು. ಟಿವಿ ಸ್ಟುಡಿಯೊ. ಮಂಜುಳಾ ನಾಯಕ್ ಅನ್ನುವ ಲೇಖಕಿ ಕ್ಯಾಮೆರಾ ಮುಂದೆ ಭಾಷಣ ಮುಗಿಸಿ ಎದ್ದು ಹೊರಡುತ್ತಾಳೆ. ಪರದೆಯ ಮೇಲಿನ ಅವಳ ಚಿತ್ರ ಆರುವುದಿಲ್ಲ. ಅದೇ ಅವಳನ್ನು ಕರೆದು ಪ್ರಶ್ನೆ ಕೇಳಲು ಶುರು ಮಾಡುತ್ತದೆ. ಅಲ್ಲಿಂದ ಕೊನೆಯವರೆಗೆ ಒಬ್ಬಳೇ ನಟಿ, ಒಂದು ಕಡೆ ಜೀವಂತ, ಇನ್ನೊಂದು ಕಡೆ ಮೊದಲೇ ಚಿತ್ರೀಕರಿಸಿದ ಮುಖ. ಕನ್ನಡದಲ್ಲಿ ಅರುಂಧತಿ ನಾಗ್ ಮಾಡುತ್ತಿದ್ದರು.

ನಾನು ನೋಡಿದ ದಿನ ನಡುವೆ ಎಲ್ಲೋ ಅವರು ಒಂದು ಮಾತನ್ನು ಒಂಚೂರು ತಡವಾಗಿ ಹೇಳಿದರು. ಅಥವಾ ನನಗೆ ಹಾಗನ್ನಿಸಿತು. ನನ್ನ ಕೈ ಕುರ್ಚಿಯ ತೋಳನ್ನು ಹಿಡಿದುಕೊಂಡಿತು. ಯಾಕೆಂದರೆ ಬಿಂಬ ಕಾಯುವುದಿಲ್ಲ. ಎದುರಿಗಿರುವುದು ಇನ್ನೊಬ್ಬ ನಟಿಯಾಗಿದ್ದರೆ ಒಂದು ಉಸಿರು ಹಿಡಿದು ನಿಲ್ಲುತ್ತಿದ್ದಳು. ರೆಕಾರ್ಡ್ ಆದ ಮುಖಕ್ಕೆ ಆ ಕರುಣೆ ಇಲ್ಲ, ತನ್ನ ಹೊತ್ತಿಗೆ ಸರಿಯಾಗಿ ಮುಂದಿನ ಮಾತು ಹೇಳಿಯೇ ಬಿಡುತ್ತದೆ. ಅವರು ಅದನ್ನು ಹೇಗೋ ಹಿಡಿದರು, ನಾಟಕ ಮುಂದೆ ಹೋಯಿತು. ಮೂರು ದಶಕಕ್ಕೂ ಹೆಚ್ಚು ಕಾಲ ಬೇರೆ ಬೇರೆ ಇಟ್ಟುಕೊಂಡು ಬಂದ ಎರಡು ಕೆಲಸಗಳನ್ನು ಕಾರ್ನಾಡರು ಕೊನೆಗೂ ಒಂದೇ ಕೋಣೆಯಲ್ಲಿ ಕೂರಿಸಿದ್ದರು, ಅದೂ ಒಂದನ್ನೊಂದು ಕಚ್ಚಾಡಲು ಬಿಟ್ಟು.

2019ರ ಜೂನ್ 10ರಂದು ಅವರು ತೀರಿಕೊಂಡರು. ಅದಕ್ಕೆ ಹಿಂದಿನ ವರ್ಷ ಬಂದ ‘ರಾಕ್ಷಸ ತಂಗಡಿ’ಯೂ ನಾಟಕವೇ.

ನನ್ನ ಕಿರುಚಿತ್ರದ ಕತೆ ಹೇಳಿ ಮುಗಿಸುತ್ತೇನೆ. 38 ನಿಮಿಷ ಇದ್ದದ್ದನ್ನು ಆ ಹುಡುಗ 9 ನಿಮಿಷಕ್ಕೆ ಇಳಿಸಿದ. ನನ್ನ ಒಳ್ಳೊಳ್ಳೆ ಸಾಲುಗಳೆಲ್ಲ ಹೋದವು. ಉಳಿದದ್ದರಲ್ಲಿ ಒಂದು ಶಾಟ್ ಮಾತ್ರ ನನಗೆ ನಿಜವಾಗಿ ಇಷ್ಟ. ಅದು ನಾನು ಬರೆದದ್ದೂ ಅಲ್ಲ, ತೆಗೆದದ್ದೂ ಅಲ್ಲ. ಎರಡು ಟೇಕ್ ನಡುವೆ ಕ್ಯಾಮೆರಾ ಆನ್ ಆಗಿಯೇ ಇತ್ತು. ಅಣ್ಣನ ಪಾತ್ರದವನು ಗೋಡೆಗೆ ಒರಗಿ ಕೂತು ಗಾರೆಯ ಚಕ್ಕೆ ಕೀಳುತ್ತಿದ್ದಾನೆ, ಊಟ ಯಾವಾಗ ಬರುತ್ತದೋ ಅಂತ ಯೋಚಿಸುತ್ತಾ. ಅವನ ಪಕ್ಕದಲ್ಲಿ ಟ್ರಂಕಿನ ಮೂಲೆ ಮಾತ್ರ ಕಾಣುತ್ತದೆ. ಹುಡುಗ ಅದನ್ನು ಕೊನೆಗೆ ಇಟ್ಟ.

ಟ್ರಂಕು ಈಗ ನಮ್ಮ ಮನೆಯಲ್ಲಿದೆ. ಹೆಂಡತಿ ಅದರಲ್ಲಿ ರಗ್ಗು, ಸ್ವೆಟರು ಇಟ್ಟಿದ್ದಾಳೆ. ಕಳೆದ ತಿಂಗಳು ತಂಡದವರು ನಾಟಕವನ್ನು ಮತ್ತೆ ಎತ್ತಿಕೊಳ್ಳೋಣ ಅಂದರು. ಹೊಸ ಹುಡುಗನೊಬ್ಬ ನಿರ್ದೇಶಿಸುತ್ತಾನೆ. ಮೊದಲ ತಾಲೀಮಿನ ದಿನವೇ ಫೋನ್ ಮಾಡಿದ. "ಸರ್, ಟ್ರಂಕು ನಿಮ್ಮನೇಲಿದೆಯಂತಲ್ಲ, ಶೋಗೆ ಕೊಡ್ತೀರಾ? ಆಟೊದಲ್ಲಿ ಬಂದು ತಗೊಂಡು ಹೋಗ್ತೀನಿ."

"ಇಲ್ಲಪ್ಪ" ಅಂದೆ. "ತುಂಬಿದೆ."